ಆಟದ ಅಂಗಳದಿಂದ ನ್ಯಾಯಪೀಠಕ್ಕೆ

(ಸಂಘದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಮಾರಂಭಗಳಲ್ಲಿ ಶಿಕ್ಷಣದ ಮಹತ್ವವನ್ನು ಕುರಿತು ಮಾತನಾಡುವುದು ವಾಡಿಕೆ. ಆದರೆ ಶಿಕ್ಷಣ ದೊಡ್ಡದು ಎಂದು ನಿಮಗೆ ಹೇಳಿಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಗೊತ್ತಿದ್ದುದರಿಂದಲೇ ಸಂಘದವರು ವರ್ಷವಿಡೀ ಮನೆಮನೆಗೆ ತಿರುಗಿ ಹಣ ಕೂಡಿಸಿದ್ದಾರೆ. ನಿಮ್ಮ ತಂದೆ ತಾಯಂದಿರು ಒಂದು ದಿನದ ದುಡಿಮೆ ಬಿಟ್ಟು ನಿಮ್ಮ ಜೊತೆ ಬಂದು ಕೂತಿದ್ದಾರೆ. ಆದ್ದರಿಂದ ನಾನು ಇಂದು ಒಬ್ಬ ಮನುಷ್ಯನ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರು ವಿಜ್ಞಾನಿಯಲ್ಲ, ಕವಿಯಲ್ಲ. ನಮ್ಮಲ್ಲಿ ಹೆಚ್ಚಿನವರು ಒಮ್ಮೆಯೂ ನೋಡದ ಒಂದು ಆಟವನ್ನು ಹದಿನೈದು ವರ್ಷ ಆಡಿದವರು. ಹೆಸರು ಅಲನ್ ಪೇಜ್. ಅಮೆರಿಕದ ಕಪ್ಪು ಜನಾಂಗಕ್ಕೆ ಸೇರಿದವರು. ಅವರ ಬದುಕಿನಲ್ಲಿ, ಇಂದು ವಿದ್ಯಾರ್ಥಿವೇತನ ಪಡೆಯುತ್ತಿರುವ ನಿಮಗೂ, ಕೊಡುತ್ತಿರುವ ಸಂಘಕ್ಕೂ ಒಂದು ನೇರವಾದ ಮಾತಿದೆ. ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಮೊದಲು ಆಟ ಏನೆಂದು ತಿಳಿಯೋಣ. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಅಂಗಳದ ಉದ್ದ 100 ಗಜ. ಒಂದೊಂದು ತಂಡದಿಂದ 11 ಮಂದಿ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ದಾಳಿ ಮಾಡುವ 11 ಮಂದಿ ಬೇರೆ, ತಡೆಯುವ 11 ಮಂದಿ ಬೇರೆ.

ನಮ್ಮ ಕಬಡ್ಡಿಯನ್ನು ನೆನಪಿಸಿಕೊಳ್ಳಿ. ಗೆರೆ ದಾಟಿ ಬಂದವನು ನಾಲ್ಕು ಮಂದಿಯನ್ನು ಮುಟ್ಟಿ ಹಿಂತಿರುಗಿದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಅವನ ಕಾಲು ಹಿಡಿದು ನೆಲಕ್ಕೆ ಕೆಡವಿದವನ ಹೆಸರು ಮರುದಿನ ಯಾರಿಗೂ ನೆನಪಿರುವುದಿಲ್ಲ. ಅಮೆರಿಕದ ಆಟದಲ್ಲೂ ಹೀಗೆಯೇ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಹಾರ, ತುರಾಯಿ. ತಡೆಯುವವರಿಗೆ ಮಣ್ಣು, ಬೆವರು. ಅಲನ್ ಪೇಜ್ ತಡೆಯುವವರ ಸಾಲಿನ ನಟ್ಟನಡುವೆ ನಿಲ್ಲುವ ಆಟಗಾರ. ಆ ಸ್ಥಾನಕ್ಕೆ ಡಿಫೆನ್ಸಿವ್ ಟ್ಯಾಕಲ್ ಎಂದು ಹೆಸರು. ಎದುರಿನವರ ಗೋಡೆಯನ್ನು ಭೇದಿಸಿ ಒಳನುಗ್ಗಿ, ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು ಅವರ ಕೆಲಸ.

ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಓಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಅಪ್ಪ ದುಡಿದ ಕಾರ್ಖಾನೆಗೆ ಮಗನೂ ಸೇರುವುದು ಅಲ್ಲಿನ ರೂಢಿ. ಪೇಜ್ ಅವರಿಗೆ ಹದಿಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮಕ್ಕಳು ಚೆನ್ನಾಗಿ ಓದಬೇಕು, ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕು ಎಂಬುದು ಆ ಮನೆಯ ಪಾಠವಾಗಿತ್ತು.

ಅವರಿಗೆ ಎಂಟು ವರ್ಷವಾಗಿದ್ದಾಗ, 1954ರ ಮೇ 17ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಚಾರಿತ್ರಿಕ ತೀರ್ಪು ಕೊಟ್ಟಿತು. ಬ್ರೌನ್ ವಿರುದ್ಧ ಶಿಕ್ಷಣ ಮಂಡಳಿ ಎಂಬುದು ಆ ಮೊಕದ್ದಮೆಯ ಹೆಸರು. ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಶಾಲೆ ಎಂಬ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಸಾರಿತು. ಕಾನೂನಿಗೆ ಜನರ ಬದುಕನ್ನು ಬದಲಿಸುವ ಶಕ್ತಿ ಇದೆ ಎಂದು ತನಗೆ ಮೊದಲು ಅನಿಸಿದ್ದು ಆ ತೀರ್ಪಿನಿಂದ ಎಂದು ಪೇಜ್ ಮುಂದೆ ಹಲವು ಸಲ ಹೇಳಿದ್ದಾರೆ. ವಕೀಲನಾಗುವ ಆಸೆ ಬಾಲ್ಯದಲ್ಲೇ ಮೊಳೆಯಿತು. ಫುಟ್‌ಬಾಲ್ ಆಡಲು ಆರಂಭಿಸಿದ್ದು ಆಮೇಲೆ, ಒಂಬತ್ತನೆಯ ತರಗತಿಯಲ್ಲಿ. ಇದನ್ನು ಗಮನದಲ್ಲಿಟ್ಟುಕೊಳ್ಳಿ. ಅವರಿಗೆ ಓದು ಆಟ ಮುಗಿದ ಮೇಲೆ ಹೊಳೆದ ದಾರಿಯಲ್ಲ. ಆಟವೇ ನಡುವೆ ಬಂದದ್ದು.

1960ರ ದಶಕದ ಆರಂಭದಲ್ಲಿ ಕ್ಯಾಂಟನ್‌ನಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸ ಶುರುವಾಯಿತು. ವೃತ್ತಿಪರ ಫುಟ್‌ಬಾಲ್‌ನ ಮಹಾನ್ ಆಟಗಾರರ ಹೆಸರುಗಳನ್ನು ಶಾಶ್ವತವಾಗಿ ಇಡುವ ಹಾಲ್ ಆಫ್ ಫೇಮ್ ಅದು. 1963ರಲ್ಲಿ ಅದರ ಉದ್ಘಾಟನೆ ನಡೆಯಿತು. ಹೈಸ್ಕೂಲು ವಿದ್ಯಾರ್ಥಿಯಾಗಿದ್ದ ಪೇಜ್ ಅದೇ ಕಟ್ಟಡದ ಕೆಲಸದಲ್ಲಿ ಕೂಲಿಯಾಗಿ ದುಡಿದಿದ್ದರು. ಇಪ್ಪತ್ತೈದು ವರ್ಷಗಳ ನಂತರ, 1988ರಲ್ಲಿ, ಅದೇ ಕಟ್ಟಡದಲ್ಲಿ ಅವರ ಹೆಸರನ್ನೂ ಸೇರಿಸಿದರು.

ಹೈಸ್ಕೂಲು ಮುಗಿಸಿ ಪೇಜ್ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿಯ ತಂಡ 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1967ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷ ಮಿನ್ನೆಸೋಟ ವೈಕಿಂಗ್ಸ್ ಎಂಬ ವೃತ್ತಿಪರ ತಂಡ ಮೊದಲ ಸುತ್ತಿನಲ್ಲೇ, ಒಟ್ಟಾರೆ 15ನೆಯವರಾಗಿ, ಅವರನ್ನು ಆರಿಸಿಕೊಂಡಿತು.

ಮುಂದಿನ ಸಾಧನೆಯನ್ನು ಅಂಕಿಗಳಲ್ಲೇ ಹೇಳಬಹುದು. 1967ರಿಂದ 1981ರವರೆಗೆ 15 ಋತುಗಳು. ಒಂದೂ ಪಂದ್ಯ ತಪ್ಪಿಸದೆ ಸತತ 218 ಪಂದ್ಯಗಳು. ಮೈಮೇಲೆ ಬಂಡೆ ಉರುಳಿದಂತೆ ಪೆಟ್ಟು ಬೀಳುವ ಆಟದಲ್ಲಿ ಹದಿನೈದು ವರ್ಷ ಒಂದು ದಿನವೂ ಗೈರುಹಾಜರಿ ಇಲ್ಲ! 1968ರಿಂದ 1976ರವರೆಗೆ ಸತತ ಒಂಬತ್ತು ವರ್ಷ ವರ್ಷದ ಶ್ರೇಷ್ಠ ಆಟಗಾರರ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆ. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್ ಮತ್ತು ಪೇಜ್ ಸೇರಿದ ಆ ನಾಲ್ವರ ಸಾಲಿಗೆ, ತಂಡದ ನೇರಳೆ ಬಣ್ಣದ ಉಡುಪಿನಿಂದಾಗಿ, ‘ಪರ್ಪಲ್ ಪೀಪಲ್ ಈಟರ್ಸ್’ ಎಂದು ಅಡ್ಡಹೆಸರು ಬಿತ್ತು. ‘ನೇರಳೆ ನರಭಕ್ಷಕರು’ ಎನ್ನೋಣ.

1971ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪೇಜ್ ಅವರಿಗೆ ಸಿಕ್ಕಿತು. ಅಸೋಸಿಯೇಟೆಡ್ ಪ್ರೆಸ್ ಕೊಡುವ ಈ ಪ್ರಶಸ್ತಿ ತಡೆಯುವ ಆಟಗಾರನೊಬ್ಬನಿಗೆ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಇಷ್ಟು ವರ್ಷಗಳಲ್ಲಿ ಅಂತಹ ಇನ್ನೊಬ್ಬರಿಗೆ ಮಾತ್ರ ಅದು ದೊರೆತಿದೆ. 1986ರಲ್ಲಿ ಲಾರೆನ್ಸ್ ಟೇಲರ್ ಅವರಿಗೆ. ಚಪ್ಪಾಳೆ ಸಿಗದ ಜಾಗದಲ್ಲಿ ನಿಂತು ಮಾಡಿದ ಕೆಲಸವೂ ಕೊನೆಗೆ ಜನರ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸೋಲನ್ನೂ ಹೇಳಬೇಕು. ಅವರ ತಂಡ ನಾಲ್ಕು ಸಲ ಸೂಪರ್ ಬೌಲ್ ಅಂತಿಮ ಪಂದ್ಯ ತಲುಪಿತು. 1970, 1974, 1975 ಮತ್ತು 1977ರಲ್ಲಿ. ನಾಲ್ಕು ಸಲವೂ ಸೋತಿತು.

ವಿದ್ಯಾರ್ಥಿ ಮಿತ್ರರೇ, ಇಷ್ಟೇ ಆಗಿದ್ದರೆ ಈ ಕಥೆಯನ್ನು ಕ್ರೀಡಾ ಪುಟದಲ್ಲಿ ಓದಿ ಮರೆಯಬಹುದಿತ್ತು. ನಾನು ಇಲ್ಲಿ ಹೇಳಬೇಕೆಂದಿರುವುದು ಬೇರೊಂದು ಘಟನೆ.

ವೃತ್ತಿಪರ ತಂಡಗಳಲ್ಲಿ ‘ಪ್ಲೇಬುಕ್’ ಎಂಬ ದಪ್ಪ ಪುಸ್ತಕ ಇರುತ್ತದೆ. ಯಾವ ಸನ್ನಿವೇಶದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು ಎಂಬ ಯೋಜನೆಗಳೆಲ್ಲ ಅದರಲ್ಲಿರುತ್ತವೆ. ಒಮ್ಮೆ ತಡೆ ಆಟಗಾರರ ಸಭೆಯಲ್ಲಿ ತರಬೇತುದಾರರು ಆ ಪುಸ್ತಕವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಲು ಹೇಳಿದರು. ಕೆಲವರು ಸರಾಗವಾಗಿ ಓದಿದರು. ಕೆಲವರು ತಡವರಿಸಿದರು. ಕೆಲವರಿಗೆ ಓದಲಿಕ್ಕೇ ಬರಲಿಲ್ಲ. ಅವರೆಲ್ಲ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗಿ ಬಂದವರು! ಈ ಪ್ರಸಂಗ ತನ್ನನ್ನು ಬಹಳ ಕಾಡಿತೆಂದು ಪೇಜ್ ಹೇಳಿದ್ದಾರೆ.

ಇದು ಹೇಗೆ ಸಾಧ್ಯವಾಯಿತು? ಆ ಹುಡುಗರು ದಡ್ಡರಾಗಿರಲಿಲ್ಲ. ನೂರಾರು ಯೋಜನೆಗಳನ್ನು ಕೇಳಿಯೇ ನೆನಪಿಡುತ್ತಿದ್ದವರು. ಆದರೆ ಅವರ ತೋಳಿನ ಬಲ ಶಾಲೆಗೆ ಬೇಕಾಗಿತ್ತು, ಕಾಲೇಜಿಗೆ ಬೇಕಾಗಿತ್ತು. ತಂಡ ಗೆಲ್ಲುತ್ತಿರುವವರೆಗೆ ಹುಡುಗನಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ತರಗತಿಯಿಂದ ತರಗತಿಗೆ ತಳ್ಳಿಬಿಟ್ಟರು. ವೃತ್ತಿಪರ ಫುಟ್‌ಬಾಲ್ ಆಟಗಾರನ ಸರಾಸರಿ ಆಯುಷ್ಯ ಮೂರು ನಾಲ್ಕು ವರ್ಷ ಮಾತ್ರ ಎಂದು ಅಲ್ಲಿಯ ಆಟಗಾರರ ಸಂಘವೇ ಹೇಳುತ್ತದೆ. ಮೊಣಕಾಲು ಮುರಿದರೆ ಮರುದಿನ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ತಲೆಗೆ ಬೀಳುವ ಪೆಟ್ಟುಗಳಿಂದ ವಯಸ್ಸಾದ ಮೇಲೆ ಮೆದುಳು ಕುಂದುವ ಅಪಾಯವೂ 2005ರ ನಂತರ ವೈದ್ಯರ ಸಂಶೋಧನೆಗಳಿಂದ ಬೆಳಕಿಗೆ ಬಂದಿದೆ. ಅಂಗಳ ಕೈಬಿಟ್ಟಾಗ ಓದಲೂ ಬಾರದ ಮನುಷ್ಯ ಎಲ್ಲಿಗೆ ಹೋಗಬೇಕು?

ಇದು ಅಮೆರಿಕದ ದೋಷ ಮಾತ್ರ ಎಂದು ನಾವು ಸಮಾಧಾನಪಡಬೇಕಾಗಿಲ್ಲ. ಎಂಟನೆಯ ತರಗತಿಗೆ ಬಂದರೂ ಒಂದು ಪುಟ ನೆಟ್ಟಗೆ ಓದಲಾಗದ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಅವರ ಕೈಗಳು ಬೇಕಾಗಿವೆ. ಕೈ ಚುರುಕಾಗಿದೆ ಎಂದು ಹೊಗಳುತ್ತೇವೆ. ಓದು ಬರುತ್ತದೆಯೇ ಎಂದು ಕೇಳುವುದಿಲ್ಲ.

ಪೇಜ್ ಮಾಡಿದ್ದೇನು? ವೃತ್ತಿಯ ಆರಂಭದಲ್ಲೇ ಅವರು ಕಾನೂನು ಕಾಲೇಜೊಂದಕ್ಕೆ ಸೇರಿದ್ದರು. ಕೆಲವೇ ವಾರಗಳಲ್ಲಿ ಬಿಟ್ಟುಬಂದರು. ಪಾಠ ತಲೆಗೆ ಹತ್ತಲಿಲ್ಲ. ಆದರೆ ಆಸೆ ಸಾಯಲಿಲ್ಲ. 1970ರ ದಶಕದ ನಡುವಿನಲ್ಲಿ, ದೇಶಕ್ಕೆಲ್ಲ ಹೆಸರಾದ ಆಟಗಾರನಾಗಿದ್ದಾಗಲೇ, ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಸೇರಿದರು. ಒಂದು ಕಡೆ ತರಗತಿ, ಇನ್ನೊಂದು ಕಡೆ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಹೆಸರು, ಹಣ ಎರಡೂ ಕೈಯಲ್ಲಿದ್ದಾಗ ತನಗಿಂತ ಕಿರಿಯರ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯುವುದು ಸುಲಭದ ಮಾತಲ್ಲ. 1978ರಲ್ಲಿ ಕಾನೂನು ಪದವಿ ಪಡೆದರು.

ಅದೇ ವರ್ಷ ಒಂದು ಪೆಟ್ಟೂ ಬಿತ್ತು. ಪತ್ನಿ ಡಯೇನ್ ಧೂಮಪಾನ ಬಿಡುವುದಕ್ಕಾಗಿ ಓಡಲು ಆರಂಭಿಸಿದಾಗ ಪೇಜ್ ಕೂಡ ಜೊತೆಗೂಡಿ ದೂರ ಓಟದ ಅಭ್ಯಾಸ ಹಿಡಿದಿದ್ದರು. ಇದರಿಂದ ಅವರ ದೇಹದ ತೂಕ ಇಳಿಯಿತು. ತಡೆ ಸಾಲಿನ ಆಟಗಾರ ಭಾರವಾಗಿರಬೇಕು ಎಂಬುದು ತಂಡದ ಲೆಕ್ಕ. ಇನ್ನು ಈತನಿಂದ ಮೊದಲಿನಂತೆ ಆಗದು ಎಂದು ವೈಕಿಂಗ್ಸ್ ತಂಡ 1978ರ ಋತುವಿನ ನಡುವೆಯೇ ಅವರನ್ನು ಕೈಬಿಟ್ಟಿತು. ಷಿಕಾಗೊ ಬೇರ್ಸ್ ತಂಡ ಅವರನ್ನು ಪಡೆಯಲು ಕೊಟ್ಟ ಶುಲ್ಕ ಕೇವಲ 100 ಡಾಲರ್! ಹನ್ನೆರಡನೆಯ ವರ್ಷ ಆಡುತ್ತಿದ್ದ, ದೇಶದ ಅತ್ಯಮೂಲ್ಯ ಆಟಗಾರ ಎನಿಸಿದ್ದವರಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಅದು.

ಬೇರೆಯವರಾಗಿದ್ದರೆ ಕುಸಿದು ಕೂರುತ್ತಿದ್ದರೇನೋ. ಪೇಜ್ ಷಿಕಾಗೊಗೆ ಹೋಗಿ ಇನ್ನೂ 58 ಪಂದ್ಯ ಆಡಿದರು. 1979ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು. ಆಡುತ್ತಿರುವಾಗಲೇ ಮ್ಯಾರಥಾನ್ ಪೂರೈಸಿದ ಮೊದಲ ವೃತ್ತಿಪರ ಫುಟ್‌ಬಾಲ್ ಆಟಗಾರ ಅವರು. ಅದೇ ಕಾಲದಲ್ಲಿ ಮಿನ್ನಿಯಾಪೊಲಿಸ್‌ನ ವಕೀಲರ ಸಂಸ್ಥೆಯೊಂದರಲ್ಲಿ ಕೆಲಸವನ್ನೂ ಆರಂಭಿಸಿದರು. 1981ರಲ್ಲಿ ಆಟ ನಿಲ್ಲಿಸಿದಾಗ ಮುಂದೇನು ಎಂಬ ಪ್ರಶ್ನೆ ಅವರಿಗಿರಲಿಲ್ಲ. ಅಂಗಳದ ಬಾಗಿಲು ಮುಚ್ಚುವ ಮೊದಲೇ ಅವರು ಇನ್ನೊಂದು ಬಾಗಿಲು ತೆರೆದಿಟ್ಟುಕೊಂಡಿದ್ದರು.

1985ರಿಂದ ಅವರು ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಸರಕಾರದ ವಕೀಲರಾಗಿ ದುಡಿದರು. ಆಮೇಲೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಲು ಬಯಸಿದರು. ನಮ್ಮಲ್ಲಿ ನ್ಯಾಯಮೂರ್ತಿಗಳನ್ನು ನೇಮಕ ಮಾಡುತ್ತಾರೆ. ಆ ರಾಜ್ಯದಲ್ಲಿ ಜನರ ಮತದಿಂದಲೂ ಆರಿಸುತ್ತಾರೆ. 1992ರಲ್ಲಿ ಒಂದು ಸ್ಥಾನಕ್ಕೆ ಚುನಾವಣೆ ನಡೆಯಬೇಕಾಗಿತ್ತು. ಆದರೆ ರಾಜ್ಯಪಾಲರು, ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ವಿಸ್ತರಿಸಿದ್ದರಿಂದ ಚುನಾವಣೆ ತಪ್ಪಿಹೋಯಿತು. ಪೇಜ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ತಮ್ಮ ಸಹೋದ್ಯೋಗಿಯ ವಿಷಯವಾದ್ದರಿಂದ ಹಾಲಿ ನ್ಯಾಯಮೂರ್ತಿಗಳು ಹಿಂದೆ ಸರಿದರು. ಬದಲಿ ನ್ಯಾಯಾಧೀಶರ ಪೀಠ ವಿಚಾರಣೆ ನಡೆಸಿ ಚುನಾವಣೆ ನಡೆಯಲೇಬೇಕು ಎಂದಿತು. ಚುನಾವಣೆ ನಡೆಯಿತು. ಪೇಜ್ ಗೆದ್ದರು. ಆ ನ್ಯಾಯಾಲಯದ ಇತಿಹಾಸದಲ್ಲೇ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ 1993ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. 1998, 2004, 2010ರಲ್ಲಿ ಮತ್ತೆ ಮತ್ತೆ ಗೆದ್ದು, 70 ವರ್ಷದ ಕಡ್ಡಾಯ ನಿವೃತ್ತಿಯವರೆಗೆ, ಅಂದರೆ 2015ರ ಆಗಸ್ಟ್‌ವರೆಗೆ, ಆ ಪೀಠದಲ್ಲಿದ್ದರು. ಆಟದಲ್ಲಿ 15 ವರ್ಷ, ನ್ಯಾಯಪೀಠದಲ್ಲಿ 22 ವರ್ಷಕ್ಕೂ ಹೆಚ್ಚು. ಯಾವುದು ದೀರ್ಘ ಎಂದು ನೀವೇ ಲೆಕ್ಕ ಹಾಕಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಡ್ಡ ಬಂದ ಗೋಡೆಯನ್ನು ಅವರು ಕಾನೂನಿನ ದಾರಿಯಿಂದಲೇ ಭೇದಿಸಿದರು. ಬೈಗುಳ, ಗಲಾಟೆ ಯಾವುದೂ ಇಲ್ಲ. ಸಂವಿಧಾನದ ಪುಸ್ತಕ ತೆರೆದು ಇಲ್ಲಿ ಹೀಗೆ ಬರೆದಿದೆ ಎಂದು ತೋರಿಸಿದರು. ಓದು ಬಂದವನಿಗೆ ಸಿಗುವ ಬಲ ಇದೇ. ಅನ್ಯಾಯವಾಗಿದೆ ಎಂದು ಅಳುವವರು ಬಹಳ. ಅನ್ಯಾಯ ಎಲ್ಲಿ, ಯಾವ ಕಲಮಿನ ಪ್ರಕಾರ ಎಂದು ತೋರಿಸಬಲ್ಲವರು ಕಡಿಮೆ.

ಈಗ ನಾನು ಆರಂಭದಲ್ಲಿ ಸೂಚಿಸಿದ ಮಾತಿಗೆ ಬರುತ್ತೇನೆ.

1988ರಲ್ಲಿ ಹಾಲ್ ಆಫ್ ಫೇಮ್‌ಗೆ ಪೇಜ್ ಆಯ್ಕೆಯಾದರು. ಅಲ್ಲಿ ಒಂದು ಪದ್ಧತಿಯಿದೆ. ಗೌರವ ಪಡೆಯುವ ಆಟಗಾರನನ್ನು ಸಭೆಗೆ ಪರಿಚಯಿಸಲು ಆತನೇ ಒಬ್ಬರನ್ನು ಆರಿಸಬೇಕು. ಸಾಮಾನ್ಯವಾಗಿ ಹಳೆಯ ತರಬೇತುದಾರನನ್ನೋ ಜೊತೆ ಆಟಗಾರನನ್ನೋ ಕರೆಯುತ್ತಾರೆ. ಪೇಜ್ ಕರೆದದ್ದು ವಿಲರೀನ್ ಬೀಸ್ಲಿ ಎಂಬ ಮಹಿಳೆಯನ್ನು. ಅವರು ಮಿನ್ನಿಯಾಪೊಲಿಸ್‌ನ ನಾರ್ತ್ ಹೈಸ್ಕೂಲಿನ ಪ್ರಾಂಶುಪಾಲೆ. ದೇಶವೇ ನೋಡುತ್ತಿದ್ದ ವೇದಿಕೆಯಲ್ಲಿ ಪೇಜ್ ತಮ್ಮ ಗೆಲುವುಗಳ ಕಥೆ ಹೇಳುತ್ತ ಕೂರಲಿಲ್ಲ. ಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡಿದರು.

ಮಾತಿಗೆ ನಿಲ್ಲಲೂ ಇಲ್ಲ. ಅದೇ ವರ್ಷ ಪೇಜ್ ದಂಪತಿ ಪೇಜ್ ಎಜುಕೇಶನ್ ಫೌಂಡೇಶನ್ ಎಂಬ ಸಂಸ್ಥೆ ಸ್ಥಾಪಿಸಿದರು. ಮಿನ್ನೆಸೋಟ ರಾಜ್ಯದ ಕಪ್ಪು ಜನಾಂಗದ ಮತ್ತು ಇತರ ಅಲ್ಪಸಂಖ್ಯಾತ ಜನಾಂಗಗಳ ವಿದ್ಯಾರ್ಥಿಗಳಿಗೆ ಕಾಲೇಜು ಶಿಕ್ಷಣಕ್ಕೆ ಸಹಾಯಧನ ಕೊಡುವುದು ಅದರ ಕೆಲಸ. ಇಲ್ಲಿಯವರೆಗೆ ಸಾವಿರಾರು ಮಂದಿ ಇದರ ಪ್ರಯೋಜನ ಪಡೆದಿದ್ದಾರೆ. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇದರ ವಿಶೇಷವೇನು?

ವಿಶೇಷ ಒಂದು ಷರತ್ತಿನಲ್ಲಿದೆ. ಹಣ ಪಡೆಯುವ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 50 ಗಂಟೆ ಕಾಲ ತನಗಿಂತ ಚಿಕ್ಕ ಮಕ್ಕಳೊಂದಿಗೆ ಕೆಲಸ ಮಾಡಬೇಕು. ಅವರು ಶಿಶುವಿಹಾರದಿಂದ ಎಂಟನೆಯ ತರಗತಿವರೆಗಿನ ಮಕ್ಕಳು. ಅವರಿಗೆ ಓದಿಸಬೇಕು, ಲೆಕ್ಕ ಹೇಳಿಕೊಡಬೇಕು, ಜೊತೆಗೆ ಕೂತು ಅವರ ಮಾತು ಕೇಳಬೇಕು. ಪಡೆದ ಹಣವನ್ನು ವಾಪಸು ಕೊಡುವಂತಿಲ್ಲ. ಪಡೆದ ಸಹಾಯವನ್ನು ಕೆಳಗಿನವರಿಗೆ ದಾಟಿಸಬೇಕು.

ಇದರ ಹಿಂದಿನ ಯೋಚನೆಯನ್ನು ಗಮನಿಸಿ. ಹೆಸರುವಾಸಿ ಆಟಗಾರನೊಬ್ಬ ಶಾಲೆಗೆ ಬಂದು ‘ಚೆನ್ನಾಗಿ ಓದಿ ಮಕ್ಕಳೇ’ ಎಂದರೆ ಮಕ್ಕಳು ಹಸ್ತಾಕ್ಷರ ತೆಗೆದುಕೊಳ್ಳುತ್ತಾರೆ, ಮಾತನ್ನು ಮರೆಯುತ್ತಾರೆ. ಆತ ತಮಗೆ ತೀರ ದೂರದವನು. ಆದರೆ ತನ್ನದೇ ಬೀದಿಯ, ತನ್ನಂಥದೇ ಮನೆಯಿಂದ ಬಂದ ಒಬ್ಬ ಅಣ್ಣ, ಒಬ್ಬ ಅಕ್ಕ ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು ಓದಿಸಿದರೆ ಮಗುವಿನ ಮನಸ್ಸಿನಲ್ಲಿ ಒಂದು ಲೆಕ್ಕ ಹುಟ್ಟುತ್ತದೆ: ಇವರು ಕಾಲೇಜಿಗೆ ಹೋಗಬಹುದಾದರೆ ನಾನೂ ಹೋಗಬಹುದು. ಇನ್ನೊಂದು ಮಾತು. ಹದಿನೆಂಟರ ವಯಸ್ಸಿನಲ್ಲಿ ಕೊಡುವ ಹಣ ಹತ್ತರ ವಯಸ್ಸಿನಲ್ಲಿ ಹಿಂದೆ ಬಿದ್ದ ಮಗುವನ್ನು ಮೇಲೆತ್ತಲಾರದು. ಪ್ಲೇಬುಕ್ ಓದಲಾಗದ ಆ ಆಟಗಾರರ ಸೋಲು ಕಾಲೇಜಿನಲ್ಲಿ ಆದದ್ದಲ್ಲ, ಪ್ರಾಥಮಿಕ ಶಾಲೆಯಲ್ಲೇ ಆದದ್ದು. ದೊಡ್ಡವರಿಗೆ ಕೊಡುವ ಹಣದಿಂದಲೇ ಚಿಕ್ಕವರನ್ನೂ ತಲುಪುವ ದಾರಿಯನ್ನು ಈ ಒಂದು ಷರತ್ತು ತೆರೆಯಿತು.

ಇನ್ನೂ ಒಂದು ಲಾಭವಿದೆ. ಸುಮ್ಮನೆ ಹಣ ಪಡೆದವನಿಗೆ ಒಳಗೊಳಗೇ ಒಂದು ಸಂಕೋಚ ಇರುತ್ತದೆ. ತಾನು ಕೈಯೊಡ್ಡಿದೆ ಎಂಬ ಭಾವ. ಪಡೆದುದಕ್ಕೆ ಪ್ರತಿಯಾಗಿ ಕೆಲಸ ಮಾಡಿದವನು ತಲೆಯೆತ್ತಿ ನಡೆಯುತ್ತಾನೆ. ಅವನು ಫಲಾನುಭವಿಯಷ್ಟೇ ಅಲ್ಲ, ಸರಪಣಿಯ ಒಂದು ಕೊಂಡಿ.

ಇದರಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಮಿನ್ನೆಸೋಟದಲ್ಲಿ ಬಿಳಿಯ ಮಕ್ಕಳಿಗೂ ಇತರ ಮಕ್ಕಳಿಗೂ ಓದಿನಲ್ಲಿ ಇರುವ ಅಂತರ ಅಮೆರಿಕದಲ್ಲೇ ಅತಿ ದೊಡ್ಡ ಅಂತರಗಳಲ್ಲಿ ಒಂದು ಎಂದು ಮಿನ್ನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2019ರಲ್ಲಿ ವರದಿ ಕೊಟ್ಟರು. 2020ರಲ್ಲಿ ಪೇಜ್ ಅವರು ಆ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ ಅವರೊಂದಿಗೆ ಸೇರಿ, ಗುಣಮಟ್ಟದ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೆಂಬ ತಿದ್ದುಪಡಿಯನ್ನು ಮುಂದಿಟ್ಟರು. ಕಶ್ಕರಿ ಅವರ ತಂದೆ ತಾಯಿ ಕಾಶ್ಮೀರದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಈ ಪ್ರಸ್ತಾಪಕ್ಕೆ ವಿರೋಧವೂ ಬಂತು. ರಾಜ್ಯದ ಶಿಕ್ಷಕರ ಸಂಘವೇ ಅದನ್ನು ಒಪ್ಪಲಿಲ್ಲ. ಎಪ್ಪತ್ತು ದಾಟಿದ ಪೇಜ್ ಅದಕ್ಕಾಗಿ ಊರೂರು ತಿರುಗಿ ವಾದಿಸಿದರು.

ನಮ್ಮಲ್ಲಿ ಈ ಹಕ್ಕು ಈಗಾಗಲೇ ಇದೆ. 2002ರ 86ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ 21ಎ ವಿಧಿ ಸೇರಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ. ಅಲ್ಲಿಯವರು ಇನ್ನೂ ಕೇಳುತ್ತಿದ್ದುದು ನಮಗೆ ಆಗಲೇ ದೊರೆತಿತ್ತು. ಆದರೂ ನಮ್ಮ ಮಕ್ಕಳೆಲ್ಲ ಓದುತ್ತಿದ್ದಾರೆಯೇ? ಕಾನೂನು ಬಾಗಿಲು ತೆರೆಯುತ್ತದೆ. ಮಗುವಿನ ಕೈ ಹಿಡಿದು ಒಳಗೆ ಕರೆದೊಯ್ಯಲು ಮನುಷ್ಯರೇ ಬೇಕು.

ನ್ಯಾಯಮೂರ್ತಿಯಾಗಿದ್ದಾಗಲೂ, ಆಮೇಲೂ ಪೇಜ್ ಮಕ್ಕಳ ಸಹವಾಸ ಬಿಡಲಿಲ್ಲ. ಆಟದಲ್ಲಿ ಪೆಟ್ಟು ಬಿದ್ದು ಅವರ ಕಿರುಬೆರಳು ಹೊರಗೆ ಅಡ್ಡಕ್ಕೆ ಚಾಚಿ ನಿಂತಿದೆ. ಶಾಲೆಗೆ ಹೋದಾಗ ಮಕ್ಕಳ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಶಿಕ್ಷಕಿಯಾದ ಮಗಳು ಕೇಮಿ ಜೊತೆ ಸೇರಿ ಆ ಬೆರಳಿನ ಬಗ್ಗೆಯೇ ಅವರು ಮಕ್ಕಳ ಪುಸ್ತಕ ಬರೆದರು. ಅದು 2013ರಲ್ಲಿ ಹೊರಬಂತು. 2017ರಲ್ಲಿ ಮಿನ್ನಿಯಾಪೊಲಿಸ್‌ನ ಒಂದು ಶಾಲೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಹಳೆಯ ಹೆಸರು ಬೇಡವೆಂದರು. ಅದು ಆ ನೆಲದ ಮೂಲನಿವಾಸಿ ಡಕೋಟಾ ಜನರನ್ನು ಓಡಿಸಬೇಕೆಂದ ಹಳೆಯ ರಾಜ್ಯಪಾಲರೊಬ್ಬರ ಹೆಸರು. ಈಗ ಆ ಶಾಲೆಯ ಹೆಸರು ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್. 2018ರ ನವೆಂಬರ್‌ನಲ್ಲಿ ಅಮೆರಿಕದ ನಾಗರಿಕರಿಗೆ ಸಲ್ಲುವ ಅತ್ಯುನ್ನತ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಅವರಿಗೆ ದೊರೆಯಿತು. ಅದನ್ನು ನೋಡಲು ಡಯೇನ್ ಇರಲಿಲ್ಲ. ಫೌಂಡೇಶನ್ನನ್ನು ಕಟ್ಟಿ ಬೆಳೆಸಲು ಹೆಗಲು ಕೊಟ್ಟ ಆ ತಾಯಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು.

ಪ್ರೀತಿಯ ವಿದ್ಯಾರ್ಥಿಗಳೇ, ಈ ಬದುಕಿನಿಂದ ನಾವು ತೆಗೆದುಕೊಳ್ಳಬೇಕಾದುದೇನು? ಎಲ್ಲರೂ ಆಟಗಾರರಾಗಲಾರರು, ಎಲ್ಲರೂ ನ್ಯಾಯಮೂರ್ತಿಗಳೂ ಆಗಲಾರರು. ಆದರೆ ನಿಮ್ಮಲ್ಲಿ ಪ್ರತಿಯೊಬ್ಬರ ಮನೆಯ ಸುತ್ತ ಓದಿನಲ್ಲಿ ಹಿಂದೆ ಬಿದ್ದ ಒಂದು ಮಗುವಾದರೂ ಇದೆ. ನಿಮಗೆ ಅದರ ಹೆಸರು ಗೊತ್ತು, ಮನೆ ಗೊತ್ತು. ವರ್ಷಕ್ಕೆ 50 ಗಂಟೆ ಎಂದರೆ ವಾರಕ್ಕೆ ಒಂದು ಗಂಟೆ. ಕ್ರಿಕೆಟ್ ಪಂದ್ಯ ನೋಡಲು ಇಡೀ ದಿನ ಕೊಡುವ ನಮಗೆ ವಾರಕ್ಕೆ ಒಂದು ಗಂಟೆ ಹೊರೆಯಾಗದು. ಆ ಮಗುವಿನ ಪಕ್ಕದಲ್ಲಿ ಕೂತು ಕನ್ನಡ ಪಾಠದ ಒಂದು ಪುಟ ಓದಿಸಿ. ಭಾಗಾಕಾರ ಹೇಳಿಕೊಡಿ. ದೊಡ್ಡ ಬೋಧನೆ ಬೇಕಿಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ವರ್ಷದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಜೊತೆಗೆ ಇನ್ನೊಂದು ಸಾಲು ಸೇರಿಸಿ: ‘ಈ ವರ್ಷ ನೀವು ಯಾವ ಮಗುವಿಗೆ ಓದಿಸಿದಿರಿ?’ ಅದಕ್ಕೆ ಉತ್ತರ ಬರೆದವರಿಗೆ ಮೊದಲ ಆದ್ಯತೆ ಕೊಡಿ. ಹತ್ತು ವರ್ಷ ಕಳೆದ ಮೇಲೆ ಇದೇ ವೇದಿಕೆಯ ಮುಂದೆ ಕೂರುವವರಲ್ಲಿ ಅರ್ಧದಷ್ಟು ಮಂದಿ, ಇಂದು ಇಲ್ಲಿ ಹಣ ಪಡೆಯುತ್ತಿರುವವರ ಕೈಯಲ್ಲಿ ಓದು ಕಲಿತವರಾಗಿರಬಹುದು.

ಪೋಷಕರಲ್ಲೂ ಒಂದು ಮಾತು. ಮಗ ಆಟ ಆಡುತ್ತಾನೆಂದು ಬೈಯಬೇಡಿ, ಆಡಲಿ. ಆಟ ಮೈಯನ್ನು ಗಟ್ಟಿ ಮಾಡುತ್ತದೆ, ಸೋಲನ್ನು ತಾಳಿಕೊಳ್ಳಲು ಕಲಿಸುತ್ತದೆ. ಅಂಗಡಿಯಲ್ಲಿ ಸಂಜೆ ಒಂದಿಷ್ಟು ಕೈಗೂಡಿಸಲಿ. ಆದರೆ ರಾತ್ರಿ ಊಟಕ್ಕೆ ಮೊದಲು ಒಂದು ಪುಟವನ್ನು ನಿಮ್ಮೆದುರು ಗಟ್ಟಿಯಾಗಿ ಓದಲು ಹೇಳಿ. ನಿಮಗೆ ಓದು ಬಾರದಿದ್ದರೂ ಪರವಾಗಿಲ್ಲ. ಮಗು ತಡವರಿಸುತ್ತಿದೆಯೋ ಸರಾಗವಾಗಿ ಓದುತ್ತಿದೆಯೋ ಎಂಬುದು ಕಿವಿಗೆ ಗೊತ್ತಾಗುತ್ತದೆ. ತಡವರಿಸಿದರೆ ನಾಳೆಯೇ ಶಾಲೆಗೆ ಹೋಗಿ ಕೇಳಿ. ಈ ಪ್ರಶ್ನೆಯನ್ನು ಯಾರೂ ಸಮಯಕ್ಕೆ ಸರಿಯಾಗಿ ಕೇಳದೆ ಹೋದುದೇ ಆ ಬಲಶಾಲಿ ಆಟಗಾರರ ದುರ್ದೈವವಾಗಿತ್ತು.

ಈಗ ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಲಕೋಟೆ ಪಡೆಯಲಿದ್ದೀರಿ. ಕೆಳಗಿಳಿಯುವಾಗ ಒಂದು ಮಗುವಿನ ಹೆಸರನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಇಳಿಯಿರಿ. ಬರುವ ಭಾನುವಾರದಿಂದಲೇ ಶುರುಮಾಡಿ.